ಮೊದಲ ಮುಷ್ಟಿ

ಮೊದಲು ಅವಳ ಕಣ್ಣು ಕೆಂಪಾದವು.

ಭಟ್ಟಿಯ ಹೊಗೆ ಎಂದುಕೊಂಡೆವು. ನಮ್ಮದು ಚುರುಮುರಿ ಭಟ್ಟಿ. ಮುಂಡಗೋಡ ತಾಲ್ಲೂಕಿನ ಚಿಗಳ್ಳಿಯಲ್ಲಿ ಮನೆಗೆ ಹತ್ತಿಕೊಂಡೇ ಇರುವ ತಗಡಿನ ಶೆಡ್ಡು, ಅದರ ಹಿಂದೆ ಭತ್ತ ತುಂಬುವ ಗೋದಾಮು. ಮಳೆಗಾಲದಲ್ಲಿ ಒಲೆಗೆ ಹಾಕುವ ಹೊಟ್ಟು ಹಸಿಯಾಗಿ ಉರಿಯುವುದಕ್ಕಿಂತ ಹೊಗೆಯಾಡುವುದೇ ಜಾಸ್ತಿ. ಮದುವೆಯಾಗಿ ಬಂದಾಗಿನಿಂದ ಆ ಒಲೆಯ ಮುಂದೆ ನಿಂತವಳ ಕಣ್ಣು ಕೆಂಪಾದರೆ ಯಾರು ಗಾಬರಿಯಾಗುತ್ತಾರೆ? ನಾನಂತೂ ಚೇಷ್ಟೆ ಮಾಡಿದೆ. "ಏನ ಲೀಲಾ, ಯಾರ ಮ್ಯಾಲ ಕಣ್ಣ ಕೆಂಪ ಮಾಡಾಕತ್ತಿ?" ಎಂದೆ. "ನಿಮ್ಮ ಮ್ಯಾಲ. ಮತ್ಯಾರದಾರ ನನಗ?" ಎಂದಳು ನನ್ನ ಹೆಂಡತಿ ಶಿವಲೀಲಾ.

ಆಮೇಲೆ ಮೀನಖಂಡ ನೋಯತೊಡಗಿತು. ದಿನವಿಡೀ ನಿಂತು ನಿಂತು ಹೀಗಾಗಿದೆ ಎಂದು ನನ್ನ ಅವ್ವ ಎಣ್ಣೆ ಕಾಯಿಸಿ ತಿಕ್ಕಿದಳು. ಆಮೇಲೆ ಸುಸ್ತು. ಶ್ರಾವಣ ಸೋಮವಾರ, ಲೀಲಾ ಸಂಜೆಯವರೆಗೆ ಒಂದು ಗುಟುಕು ನೀರನ್ನೂ ಕುಡಿಯುವವಳಲ್ಲ. ಉಪವಾಸಕ್ಕೆ ಸುಸ್ತಾಗಿದೆ, ನಾಳೆ ಉಂಡರೆ ಸರಿಹೋಗುತ್ತದೆ ಎಂದು ನಾವೇ ತೀರ್ಮಾನಿಸಿದೆವು. ಕೆಂಪು ಕಣ್ಣಿಗೆ ಹೊಗೆ, ಕಾಲುನೋವಿಗೆ ಒಲೆ, ಸುಸ್ತಿಗೆ ಶ್ರಾವಣ. ಎಲ್ಲಕ್ಕೂ ಉತ್ತರ ನಮ್ಮ ಮನೆಯಲ್ಲೇ ಸಿದ್ಧವಿತ್ತು, ಹಾಗಾಗಿ ಡಾಕ್ಟರನ್ನು ಕೇಳುವ ಪ್ರಶ್ನೆಯೇ ಹುಟ್ಟಲಿಲ್ಲ.

ಮಂಗಳವಾರ ಅವಳು ಉಣ್ಣಲಿಲ್ಲ. ಜ್ವರ ಏರಿತು. ಮುಂಡಗೋಡದಲ್ಲಿ ಗುಳಿಗೆ ಕೊಟ್ಟರು, ಇಂಜೆಕ್ಷನ್ ಮಾಡಿದರು. ಜ್ವರ ಇಳಿಯಿತು, ಮತ್ತೆ ಏರಿತು. ಬೆಳಿಗ್ಗೆ ಲಿಂಗಪೂಜೆಗೆ ಕುಳಿತವಳು ಅರ್ಧಕ್ಕೇ ನಿಲ್ಲಿಸಿ ಗೋಡೆಗೆ ಒರಗಿದಳು. ಎಡಗೈ ಅಂಗೈಯಲ್ಲಿ ಲಿಂಗ ಹಾಗೇ ಇತ್ತು.

"ರೀ, ಉಸಿರು ಸಾಲವಲ್ದು" ಎಂದಳು.

ಲೀಲಾಳ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಾವು ಭತ್ತ ನೆನೆಹಾಕಿ, ಬೇಯಿಸಿ, ಒಣಗಿಸಿ, ಗಿರಣಿಗೆ ಹಾಕಿಸಿ ಚುರುಮುರಿಯ ಅಕ್ಕಿ ಮಾಡಿಕೊಳ್ಳುತ್ತೇವೆ. ಆ ಅಕ್ಕಿಗೆ ಉಪ್ಪಿನ ನೀರು ಹಿಡಿಸಿ, ಕಾದ ಉಸುಕಿನೊಳಗೆ ಹಾಕಿದರೆ ಅರಳಿ ಚುರುಮುರಿಯಾಗುತ್ತದೆ. ಆದರೆ ಒಂದು ಲಾಟಿನ ಅಕ್ಕಿ ಅರಳಿದಂತೆ ಇನ್ನೊಂದು ಅರಳುವುದಿಲ್ಲ. ನೋಡಿದರೆ ಗೊತ್ತಾಗುವುದಿಲ್ಲ, ಕಡಿದು ನೋಡಿದರೂ ಗೊತ್ತಾಗುವುದಿಲ್ಲ. ಅದಕ್ಕೇ ಹೊಸ ಲಾಟು ಬಂದಾಗ ಒಂದು ಮುಷ್ಟಿ ಮಾತ್ರ ಹುರಿದು ನೋಡುವುದು. ಮುಷ್ಟಿ ತೆಗೆಯುವುದು, ಉಪ್ಪು ಹಿಡಿಸುವುದು, ಹುರಿಯುವುದು, ಆಮೇಲೆ ಚೀಲ ಒಲೆಗೆ ಬರಬೇಕೋ ಬೇಡವೋ ಎಂದು ಹೇಳುವುದು, ಎಲ್ಲವೂ ಅವಳದೇ. ನಾನು ಮಾರುವವನು ಅಷ್ಟೆ.

ಆ ಮೊದಲ ಮುಷ್ಟಿಯನ್ನು ಅವಳು ಮಾರಗೊಡುತ್ತಿರಲಿಲ್ಲ. ಮನೆಯವರಿಗೂ ಇಲ್ಲ. ಕರಕಲಾದರೆ ಹಕ್ಕಿಗೆ. ಅರಳಿದರೆ ಆ ಹೊತ್ತಿಗೆ ಶೆಡ್ಡಿನ ಮುಂದೆ ಯಾರು ನಿಂತಿರುತ್ತಾರೋ ಅವರಿಗೆ. ಚೀಲ ಇಳಿಸಲು ಬಂದ ಹಮಾಲ, ದಾರಿ ಕೇಳಲು ನಿಂತವ, ಟಿಬೆಟನ್ ಕ್ಯಾಂಪಿನಿಂದ ಚುರುಮುರಿ ಒಯ್ಯಲು ಬಂದ ಅಂಗಡಿಯ ಅಮ್ಮ, ಯಾರಾದರೂ ಸರಿ. ಯಾಕೆ ಎಂದು ಒಮ್ಮೆ ಕೇಳಿದ್ದೆ. "ಅದು ಬ್ಯಾರೇವರ ಸಲುವಾಗಿ ಒಲಿಗೆ ಬಿದ್ದದ್ದರೀ, ನಾವು ಹೆಂಗ ತಿನ್ನೂದು?" ಎಂದಿದ್ದಳು. ನಾನು ನಕ್ಕಿದ್ದೆ.

ಹುಬ್ಬಳ್ಳಿಗೆ ಆಂಬ್ಯುಲೆನ್ಸಿನಲ್ಲಿ ಹೋದೆವು. ಹಳಿಯಾಳಕ್ಕೆ ಕೊಟ್ಟ ಮಗಳು ಗೀತಾ ಅಲ್ಲಿಂದಲೇ ನೇರ ಆಸ್ಪತ್ರೆಗೆ ಬಂದು ನಿಂತಿದ್ದಳು. ಎಕ್ಸ್‌ರೇ ತೆಗೆದರು. ಐಸಿಯುವಿನ ಡಾಕ್ಟರು, ನಲವತ್ತರ ಆಸುಪಾಸಿನ ಹೆಣ್ಣುಮಗಳು, ಧಾರವಾಡದ ಕಡೆಯವರು, ಅದನ್ನು ಬೆಳಕಿಗೆ ಹಿಡಿದು ತೋರಿಸಿದರು. ಕಪ್ಪಗಿರಬೇಕಾದ ಎರಡೂ ಶ್ವಾಸಕೋಶ ಬೆಳ್ಳಗಿದ್ದವು. ನಡುವೆ ಒಂದು ದುಂಡನೆಯ ಗುರುತು.

"ಇದೇನ್ರಿ ಮತ್ತ?" ಎಂದರು.

"ಲಿಂಗರೀ. ಕರಡಿಗಿ ಕೊಳ್ಳಾಗ ಐತಿ, ತಗದಿಲ್ಲ" ಎಂದಳು ಗೀತಾ.

ಡಾಕ್ಟರು ನನ್ನನ್ನು ಕೇಳಿದರು: "ನಿಮ್ಮಲ್ಲಿ ಭತ್ತ ಎಲ್ಲಿ ಇಡತೀರಿ? ಇಲಿ ಅದಾವೇನು? ಇವರ ಕಾಲಾಗ ಗಾಯ, ಹುಣ್ಣು ಏನರ ಇದ್ವಾ?"

ಗೋದಾಮಿಗೆ ಮಳೆನೀರು ನುಗ್ಗಿತ್ತು. ಲೀಲಾ ಬರಿಗಾಲಲ್ಲಿ ನಿಂತು ನೀರು ಬಳಿದು ಹೊರಗೆ ಹಾಕಿದ್ದಳು. ಮಳೆಗಾಲದಲ್ಲಿ ಅವಳ ಬೆರಳ ಸಂದಿ ಒಡೆದು ಹುಣ್ಣಾಗುವುದು ಪ್ರತಿವರ್ಷದ್ದು. ಇಲಿ ಇಲ್ಲದ ಭತ್ತದ ಗೋದಾಮು ಎಲ್ಲಿದೆ?

ಇಲಿ ಜ್ವರ. ಲೆಪ್ಟೋ ಎನ್ನುತ್ತಾರಂತೆ. ಅದು ಶ್ವಾಸಕೋಶಕ್ಕೆ ಇಳಿದಿತ್ತು.

ಅದೇ ದಿನ ವೆಂಟಿಲೇಟರ್ ಹಾಕಿದರು. ಅದಕ್ಕೆ ಮೊದಲು ಒಳಗೆ ಕರೆದರು. ಮಾಸ್ಕಿನ ಹಿಂದಿನಿಂದ ಅವಳು ಏನೋ ಹೇಳಿದಳು, ಕೇಳಲಿಲ್ಲ. ಬಗ್ಗಿದೆ. "ಒಲಿ ಆರಿಸೀರಿಲ್ಲೋ?" ಎಂದು ಕೇಳುತ್ತಿದ್ದಳು. ಆರಿಸಿದ್ದೇವೆ ಎಂದೆ. ಸಂಸಾರವನ್ನೆಲ್ಲ ಒಟ್ಟಿಗೆ ಮಾಡಿದವಳ ಜತೆ ನನ್ನ ಕಡೆಯ ಮಾತು ಒಲೆಯದು. ಈಗ ನೆನೆದರೆ ಅದಕ್ಕಿಂತ ಬೇರೆ ಏನು ಮಾತಾಡಬಹುದಿತ್ತು ಎಂದು ಹೊಳೆಯುವುದಿಲ್ಲ.

ಮರುದಿನ ಸಿಸ್ಟರ್ ಮರಿಯಾ ಹೊರಗೆ ಬಂದಳು. ಹಳಿಯಾಳದ ಕಡೆಯ ಸಿದ್ದಿ ಮನೆತನದ ಹುಡುಗಿ, ಎತ್ತರದ ಆಳು, ಗುಂಗುರು ಕೂದಲನ್ನು ಬಿಗಿದು ಕಟ್ಟಿದವಳು. ನನ್ನನ್ನು ಮೊದಲ ದಿನವೇ ಕಾಕಾ ಎಂದು ಕರೆಯತೊಡಗಿದ್ದಳು.

"ಕಾಕಾ, ಆಕ್ಸಿಜನ್ ಏರವಲ್ದು. ಕಾಕೂನ್ನ ಡಬ್ಬ ಮಲಗಸ್ತೇವಿ, ಬೆನ್ನಿನ ಕಡೆ ಶ್ವಾಸಕೋಶ ತೆರಕೋತಾವು. ಕೊಳ್ಳಾಗಿಂದು ತಗೀಬೇಕು. ಎದಿಗೆ ಒತ್ತತೈತಿ."

ಇದಕ್ಕೆ ನಾನು ಏನು ಹೇಳಲಿ? ನಾನು ಲಿಂಗ ಕಟ್ಟಿಕೊಂಡವನೇ, ಆದರೆ ನನ್ನದು ದೇವರ ಜಗಲಿಯ ಮೇಲೆ ಗೂಟಕ್ಕೆ ತೂಗುಹಾಕಿಕೊಂಡು ನನಗಿಂತ ಆರಾಮಾಗಿದೆ. ಲೀಲಾ ಹಾಗಲ್ಲ. ಮೈಮೇಲೆ ಲಿಂಗವಿಲ್ಲದೆ ಅವಳು ನೀರು ಕುಡಿದಿದ್ದು ನಾನು ಕಂಡಿಲ್ಲ. ಹೆರಿಗೆಯಲ್ಲೂ ತೆಗೆದಿರಲಿಲ್ಲ. ಇನ್ನೊಬ್ಬರ ಲಿಂಗವನ್ನು ನಾನು ಕಟ್ಟಿಕೊಳ್ಳುವಂತಿಲ್ಲ, ಪೂಜಿಸುವಂತಿಲ್ಲ. ಅವ್ವನಿಗೆ ಫೋನ್ ಮಾಡಿದರೆ ಅವಳು ಅತ್ತ ಕಡೆಯಿಂದ ಗುಡುಗಿದಳು. "ಮೈಮ್ಯಾಲ ಲಿಂಗ ಇಲ್ಲದ ಆಕಿಗೆ ಒಂದ ಹನಿ ನೀರು ಹೋಗಬಾರ್ದು. ಡಾಕ್ಟರಿಗೆ ಹೇಳು ಈರಣ್ಣಾ." ಡಾಕ್ಟರಿಗೆ ಹೇಳುವುದೇನು, ಮೂಗಿನ ನಳಿಗೆಯಿಂದ ಹಗಲು ರಾತ್ರಿ ಗಂಜಿ ಹೋಗುತ್ತಿತ್ತು.

ಮರಿಯಾ ಎಲ್ಲ ಕೇಳಿಸಿಕೊಂಡು ನಿಂತಿದ್ದಳು.

"ಎದಿಮ್ಯಾಲೇ ಇರಬೇಕಂತೇನೈತಿ? ಮೈ ಮುಟ್ಟಿದರ ಸಾಕಲ್ಲ?" ಎಂದಳು.

"ಸೊಂಟದ ಕೆಳಗ ಬರಬಾರ್ದವ್ವಾ."

"ಬರೂದಿಲ್ಲ ತಗೋರಿ."

ಒಳಗೆ ಹೋಗಿ ನಾನೇ ಅವಳ ಕೊರಳಿನ ಲಿಂಗದ ಕರಡಿಗೆ ಬಿಚ್ಚಿದೆ. ಲಿಂಗ ತೆಗೆದು ಮರಿಯಾ ಕೊಟ್ಟ, ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯಲ್ಲಿಟ್ಟೆ. ಅವಳು ಅದನ್ನು ಮಡಿಚಿ ಸಣ್ಣ ಚೀಲದಂತೆ ಮಾಡಿ ಬಾಯಿ ಹೊಲಿದಳು. ಲೀಲಾಳನ್ನು ಬೋರಲು ಹಾಕಿದಾಗ ಅದು ಬೆನ್ನ ಮೇಲೆ, ಹೆಗಲಿನ ಹತ್ತಿರ, ಪ್ಲಾಸ್ಟರ್ ಹಚ್ಚಿ ಕೂರುತ್ತಿತ್ತು. ಮರಳಿ ಅಂಗಾತ ಮಾಡಿದಾಗ ಎದೆಗೆ. ಐದಾರು ಜನ ಸೇರಿ, ಒಬ್ಬರು ಎಣಿಸುತ್ತ, ನಳಿಗೆ ವೈರು ಏನೂ ಕಳಚದ ಹಾಗೆ ಅವಳನ್ನು ತಿರುಗಿಸುತ್ತಿದ್ದರು. ತಿರುಗಿಸಿದ ಮೇಲೆ ಮರಿಯಾ ಮೊದಲು ಮಾನಿಟರ್ ನೋಡುವಳು, ಆಮೇಲೆ ಚೀಲವನ್ನು ಈ ಕಡೆಯಿಂದ ಆ ಕಡೆಗೆ ಹಚ್ಚುವಳು. ಅವಳ ಕೊರಳಲ್ಲಿ ಸಣ್ಣ ಶಿಲುಬೆ ಇತ್ತು. ಬಗ್ಗಿದಾಗ ಅದು ತೂಗುತ್ತಿತ್ತು.

ಖಾಲಿ ಕರಡಿಗೆಯನ್ನು ಗೀತಾ ಮನೆಗೆ ಒಯ್ದಳು. "ಲಿಂಗ ಯಾರ ಮುಟ್ಟಿದ್ರು?" ಎಂದು ಅವ್ವ ಕೇಳಿದಳಂತೆ. ಗೀತಾ ಹೇಳಿದಳು. ಅವ್ವ ಏನೂ ಮಾತಾಡಲಿಲ್ಲವಂತೆ. ನಮ್ಮ ಅವ್ವ ಮಾತಾಡದೆ ಇರುವುದು ಅಪರೂಪ.

ಬೋರಲು ಮಲಗಿಸಿದ್ದಕ್ಕೆ ಸ್ವಲ್ಪ ಗುಣ ಕಂಡಿತು. ಸಾಲಲಿಲ್ಲ. ಹೃದಯ ಮಾತ್ರ ಓಡುತ್ತಲೇ ಇತ್ತು, ಅಲುಗದೆ ಮಲಗಿದವಳ ಹೃದಯ ಗುಡ್ಡ ಹತ್ತುವವರ ಹಾಗೆ ಬಡಿದುಕೊಳ್ಳುತ್ತಿತ್ತು. ಒಂದು ಮಧ್ಯಾಹ್ನ ಡಾಕ್ಟರು ನನ್ನನ್ನೂ ಗೀತಾಳನ್ನೂ ಕೋಣೆಗೆ ಕರೆದು ಕೂರಿಸಿದರು.

"ಒಂದು ಔಷಧ ಐತಿ. ಹಳೇದು. ಹೃದಯದ ಬಡಿತ ಇಳಿಸಾಕ ಎಷ್ಟೋ ವರ್ಷದಿಂದ ಕೊಡತೇವಿ. ಅದು ಇಂಥಾ ಶ್ವಾಸಕೋಶಕ್ಕೂ ಉಪಯೋಗ ಆಗಬಹುದೇನೋ ಅಂತ ನೋಡಾಕತ್ತೇವಿ. ಟ್ರಯಲ್ ಅಂತೀವಿ. ಕೆಲವರಿಗೆ ಆ ಔಷಧ, ಕೆಲವರಿಗೆ ಸಲೈನ್. ಉಳಿದ ಟ್ರೀಟ್‌ಮೆಂಟ್ ಎಲ್ಲರಿಗೂ ಒಂದ."

"ಸಲೈನ್ ಅಂದ್ರ ಉಪ್ಪಿನ ನೀರು" ಎಂದೆ.

"ಹೌದ್ರಿ."

"ಯಾರಿಗೆ ಯಾವುದು ಅಂತ ಯಾರು ಹೇಳೂದು?"

"ಕಂಪ್ಯೂಟರ್ ಚೀಟಿ ಎತ್ತಿದಂಗ ಆರಿಸತೈತಿ. ನಿಮಗೂ ಗೊತ್ತಾಗೂದಿಲ್ಲ, ನನಗೂ ಗೊತ್ತಾಗೂದಿಲ್ಲ. ಗೊತ್ತಾದರ ನಾವು ಇದ್ದದ್ದನ್ನ ಬಿಟ್ಟು ನಮಗ ಬೇಕಾದ್ದನ್ನ ನೋಡತೇವಿ."

ನನಗೆ ಸಿಟ್ಟು ಬಂತು. ಒಳಗೆ ಹೆಂಡತಿ ಸಾಯುತ್ತಿದ್ದಾಳೆ, ಇಲ್ಲಿ ಚೀಟಿ ಎತ್ತುವ ಮಾತು. "ಇದು ಕೆಲಸ ಮಾಡತೈತಿ ಅಂತ ನಿಮಗ ಗೊತ್ತೈತೇನ್ರಿ?" ಎಂದು ಸ್ವಲ್ಪ ಜೋರಾಗಿಯೇ ಕೇಳಿದೆ.

"ಇಲ್ಲರೀ. ಗೊತ್ತಿದ್ದರ ಎಲ್ಲರಿಗೂ ಕೊಟ್ಟಬಿಡತಿದ್ವಿ, ನಿಮ್ಮನ್ನ ಹಿಂಗ ಕುಂಡ್ರಿಸಿ ಕೇಳತಿರಲಿಲ್ಲ. ಬಿಪಿ ಇಳೀಬಹುದು, ತೊಂದ್ರಿ ಆಗಬಹುದು, ಅದನ್ನೂ ಹೇಳತೇನಿ. ಒಲ್ಲೆ ಅಂದ್ರ ಒಲ್ಲೆ. ಅದಕ್ಕ ಅವರನ್ನ ನೋಡಿಕೊಳ್ಳೂದ್ರಾಗ ಏನೂ ಫರಕ್ ಆಗೂದಿಲ್ಲ."

ಐವತ್ತೆಂಟು ವರ್ಷದ ಬಾಳಿನಲ್ಲಿ ಬಹಳ ಜನ ನನಗೆ ಏನೇನೋ ಮಾರಿದ್ದಾರೆ. ಗೊತ್ತಿಲ್ಲ ಎಂದು ಹೇಳಿ ಮಾರಲು ಬಂದವರನ್ನು ನೋಡಿರಲಿಲ್ಲ. ಸಿಟ್ಟು ಹಾಗೇ ಇತ್ತು, ಆದರೆ ಅದನ್ನು ಆ ಹೆಣ್ಣುಮಗಳ ಮೇಲೆ ಹಾಕಲು ಆಗಲಿಲ್ಲ.

ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತು ಅವ್ವನಿಗೆ ಫೋನ್ ಮಾಡಿದೆ.

"ನನ್ನ ಸೊಸಿ ಮ್ಯಾಲ ಪರೀಕ್ಷಾ ಮಾಡತಾರೇನು? ಉಪ್ಪಿನ ನೀರು ಹಾಕಿ ನೋಡತಾರೇನು? ಆಕಿ ಏನು ಭಟ್ಟಿಯೊಳಗಿನ ಅಕ್ಕಿಯೇನೋ ಈರಣ್ಣಾ?" ಎಂದು ಅವ್ವ ಅಳತೊಡಗಿದಳು.

ಅವಳು ಆ ಮಾತು ಆಡದಿದ್ದರೆ ನನಗೆ ಮುಷ್ಟಿಯ ನೆನಪು ಬರುತ್ತಿತ್ತೋ ಇಲ್ಲವೋ. ಬಂದಿತು. ಬಂದ ಮೇಲೆ ಹೋಗಲಿಲ್ಲ. ಒಂದು ಲಾಟಿನ ಗುಣ ತಿಳಿಯಬೇಕಾದರೆ ಒಂದು ಮುಷ್ಟಿ ಒಲೆಗೆ ಬೀಳಲೇಬೇಕು, ಅದು ಅರಳಲಿ, ಕರಕಲಾಗಲಿ. ಇಷ್ಟು ವರ್ಷ ನನ್ನ ವ್ಯಾಪಾರ ನಡೆದಿದ್ದೇ ಆ ಲೆಕ್ಕದ ಮೇಲೆ. ಆದರೆ ಆ ಮುಷ್ಟಿ ನನ್ನ ಮನೆಯ ಹೆಣ್ಣುಮಗಳಾದಾಗ ಆ ಲೆಕ್ಕ ಗಂಟಲಲ್ಲಿ ಇಳಿಯಲಿಲ್ಲ. ಬೇರೆಯವರ ಮನೆಯವರ ಮೇಲೆ ನೋಡಿ ಆಮೇಲೆ ನಮ್ಮವಳಿಗೆ ಕೊಡಲಿ ಎಂದೇ ನನ್ನ ಮನಸ್ಸು ಹೇಳಿತು. ಬೇರೆಯವರ ಮನಸ್ಸೂ ಅದನ್ನೇ ಹೇಳಿದರೆ? ಹಾಗಾದರೆ ಔಷಧವೇ ಇರುವುದಿಲ್ಲ. ಇದೆಲ್ಲ ತಿಳಿಯುತ್ತದೆ. ತಿಳಿದರೂ ಕೈ ಪೆನ್ನಿನ ಹತ್ತಿರ ಹೋಗುವುದಿಲ್ಲ.

ಗೀತಾ ಪಕ್ಕದಲ್ಲಿ ಬಂದು ಕುಳಿತಳು.

"ನಿಮ್ಮ ಅವ್ವನ್ನ ಕೇಳಿದ್ದರ ಏನ್ ಅಂತಿದ್ಲು?" ಎಂದೆ.

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

"ಹುರದ ನೋಡೂಣು ಅಂತಿದ್ಲು ಅಪ್ಪಾ. ಮತ್ತೇನಂತಿದ್ಲು?"

ಇಬ್ಬರೂ ಅತ್ತೆವು. ಆಮೇಲೆ ಒಳಗೆ ಹೋಗಿ ಟ್ರಯಲಿನ ಕಾಗದಕ್ಕೆ ಸಹಿ ಮಾಡಿದೆ.

ಪಂಪಿಗೆ ಹೊಸ ಸಿರಿಂಜ್ ಹಚ್ಚಿದರು. ಅದರ ಮೇಲೆ ಹೆಸರಿರಲಿಲ್ಲ, ನಂಬರ್ ಮಾತ್ರ ಇತ್ತು. ನೀರಿನ ಹಾಗೆ ತಿಳಿ. ಔಷಧವಾದರೂ ತಿಳಿ, ಉಪ್ಪಿನ ನೀರಾದರೂ ತಿಳಿ. ಕಣ್ಣು ಕಿರಿದು ಮಾಡಿಕೊಂಡು ಅದನ್ನು ನೋಡುತ್ತ ನಿಂತವನನ್ನು ಮರಿಯಾ ಗದರಿಸಿದಳು: "ಕಾಕಾ, ನೋಡಿದರ ಗೊತ್ತಾಗೂದಿಲ್ಲ. ಹೊರಗ ಕುಂಡ್ರಿ."

ಮುಂದಿನ ದಿನ ಹೃದಯದ ಬಡಿತ ಇಳಿಯತೊಡಗಿತು. ಭೇಟಿಗೆ ಬಿಟ್ಟಾಗಲೆಲ್ಲ ನಾನು ಅವಳ ಮುಖ ನೋಡುವ ಮೊದಲು ಮಾನಿಟರಿನ ಹಸಿರು ಅಂಕಿ ನೋಡುತ್ತಿದ್ದೆ. ಇಳಿದಿದೆ. ಇನ್ನೂ ಇಳಿದಿದೆ. ನನಗೆ ಖಾತ್ರಿಯಾಯಿತು. ಅವ್ವನಿಗೆ ಫೋನ್ ಮಾಡಿ, "ಔಷಧನ ಸಿಕ್ಕೈತಿ, ಚೀಟಿ ನಮ್ಮ ಕಡೆ ಬಂದೈತಿ" ಎಂದುಬಿಟ್ಟೆ. ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ಈ ಮಾತು ಡಾಕ್ಟರ ಕಿವಿಗೆ ಬಿದ್ದಾಗ ಅವರು ನನ್ನನ್ನು ಕರೆದು ನಿಧಾನವಾಗಿ ಹೇಳಿದರು: ಜ್ವರ ಇಳಿದರೂ ಬಡಿತ ಇಳಿಯುತ್ತದೆ, ನಿದ್ದೆಯ ಔಷಧಕ್ಕೂ ಇಳಿಯುತ್ತದೆ, ಅದರಿಂದ ಏನೂ ತೀರ್ಮಾನಿಸಬೇಡಿ. ನಾನು ಹೂಂ ಎಂದೆ. ಮನಸ್ಸಿನಲ್ಲಿ ಮಾತ್ರ ಔಷಧವೇ ಎಂದು ಹಟ ಹಿಡಿದೆ. ಉಪ್ಪಿನ ನೀರಿನಿಂದ ಯಾರ ಎದೆಯಾದರೂ ತಣ್ಣಗಾಗುತ್ತದೆಯೇ?

ಆಕ್ಸಿಜನ್ ಸ್ವಲ್ಪ ಕಡಿಮೆ ಮಾಡಿದರು. ಬೋರಲು ಹಾಕುವುದು ನಿಂತಿತು. ಒಂದು ಬೆಳಿಗ್ಗೆ ನಿದ್ದೆಯ ಔಷಧ ಇಳಿಸಿ ನಮ್ಮಿಬ್ಬರನ್ನೂ ಒಳಗೆ ಕರೆದರು. ಕೂಗಿದರೆ ಕಣ್ಣು ತೆರೆಯಬಹುದು ಎಂದರು.

"ಲೀಲಾ" ಎಂದೆ. "ಅವ್ವಾ" ಎಂದಳು ಗೀತಾ.

ಕಣ್ಣು ತೆರೆಯಲಿಲ್ಲ. ಎಡಗೈ ಮಾತ್ರ ಅಲುಗಿತು. ಹಾಸಿಗೆಯ ಮೇಲೆ ಕವುಚಿದ್ದ ಅಂಗೈ ಮೆಲ್ಲಗೆ ತಿರುಗಿ ಮೇಲ್ಮುಖವಾಯಿತು. ಬೆರಳುಗಳು ಸ್ವಲ್ಪ ಮಡಚಿದವು. ಡಾಕ್ಟರಿಗೆ ಅದು ಏನೆಂದು ತಿಳಿಯಲಿಲ್ಲ, ಒಳ್ಳೆಯದು, ಕೈ ಆಡಿಸುತ್ತಿದ್ದಾರೆ ಎಂದರು. ಪ್ರತಿದಿನ ಬೆಳಿಗ್ಗೆ ಜಗಲಿಯ ಮುಂದೆ ಕುಳಿತು ಲೀಲಾ ಪೂಜೆಗೆ ಅಂಗೈ ಹಿಡಿಯುತ್ತಿದ್ದದ್ದು ಹಾಗೆಯೇ. ಗೀತಾ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು. ಅವಳೇ ಹೇಳಿದಳು: "ಸಿಸ್ಟರ್, ಅವ್ವ ಲಿಂಗ ಕೇಳಾಕತ್ತಾಳ."

ಮರಿಯಾ ಎದೆಯ ಮೇಲಿನ ಪ್ಲಾಸ್ಟರ್ ಬಿಡಿಸಿ ಆ ಬಟ್ಟೆಯ ಚೀಲವನ್ನು ಅವಳ ಅಂಗೈಯಲ್ಲಿಟ್ಟಳು. ಬೆರಳು ಅದರ ಸುತ್ತ ಮುಚ್ಚಿಕೊಂಡವು.

ಉಳಿಯುತ್ತಾಳೆ ಎಂದು ನಾನು ಪೂರ್ತಿ ನಂಬಿದ್ದು ಆವತ್ತು ಒಂದೇ ದಿನ.

ಮರುದಿನ ಉಸಿರಿನ ನಳಿಗೆಯಲ್ಲಿ ರಕ್ತ ಬಂತು.

ಶ್ವಾಸಕೋಶದೊಳಗೆ ರಕ್ತ ಒಸರಿದೆ, ಮೂತ್ರಪಿಂಡವೂ ಕೈಕೊಡುತ್ತಿದೆ ಎಂದರು. ಡಯಾಲಿಸಿಸ್ ಹಾಕಿದರು, ರಕ್ತ ಕೊಟ್ಟರು, ಮತ್ತೆ ಬೋರಲು ಹಾಕಿದರು. ಚೀಲ ಮತ್ತೆ ಬೆನ್ನಿಗೆ ಹೋಯಿತು. ಬಿಪಿ ಇಳಿದಾಗ ನಂಬರಿನ ಸಿರಿಂಜನ್ನು ನಿಲ್ಲಿಸಿದರು. ಡಾಕ್ಟರು ಹೊರಗೆ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತರು. ಇಷ್ಟು ದಿನ ಅವರು ನಿಂತೇ ಮಾತಾಡಿದ್ದು, ಇಲ್ಲವೇ ಕೋಣೆಗೆ ಕರೆದು. ಪಕ್ಕದಲ್ಲಿ ಕುಳಿತದ್ದನ್ನು ನೋಡಿಯೇ ನನಗೆ ತಿಳಿಯಿತು.

"ಆ ಔಷಧದಿಂದ ಹಿಂಗಾತೇನ್ರಿ?" ಎಂದೆ.

"ನನಗ ಹಂಗ ಅನಸೂದಿಲ್ಲ. ಆದರ ಔಷಧ ಸಿಕ್ಕಿತ್ತೋ ಇಲ್ಲೋ ಅನ್ನೂದ ನನಗ ಗೊತ್ತಿಲ್ಲರೀ. ಸುಳ್ಳು ಹೇಳಲಾರೆ."

ಸಂಜೆಯ ಹೊತ್ತಿಗೆ ಲೀಲಾ ಹೋದಳು. ಮರಿಯಾ ಅವಳನ್ನು ಅಂಗಾತ ಮಲಗಿಸಿ, ಮುಖ ಒರೆಸಿ, ತಲೆ ಬಾಚಿ, ಚೀಲವನ್ನು ಬೆನ್ನಿನಿಂದ ತೆಗೆದು ಎದೆಯ ಮೇಲೆ ಹಚ್ಚಿ ಆಮೇಲೆ ನಮ್ಮನ್ನು ಕರೆದಳು.

ನಮ್ಮಲ್ಲಿ ಸುಡುವುದಿಲ್ಲ, ಕೂರಿಸಿ ಮಣ್ಣು ಕೊಡುವುದು. ಎಡ ಅಂಗೈಯಲ್ಲಿ ಅವರ ಲಿಂಗವಿಟ್ಟು ಕಳಿಸುವುದು. ಕ್ರಿಯೆ ಮಾಡಿಸುವ ಅಯ್ಯನೋರು ಲಿಂಗ ಕೇಳಿದಾಗ ಅವ್ವ ತಾನೇ ಮುಂದೆ ಬಂದು ಬಟ್ಟೆಯ ಚೀಲದ ಹೊಲಿಗೆ ಬಿಚ್ಚಿದಳು. ದಾರ ಕಡಿಯಲು ಯಾರೋ ಕತ್ತರಿ ಕೊಟ್ಟರೂ ತೆಗೆದುಕೊಳ್ಳಲಿಲ್ಲ. ಒಂದೊಂದೇ ಹೊಲಿಗೆ ಎಳೆದು ತೆಗೆದಳು. ಲಿಂಗ ಸೊಸೆಯ ಅಂಗೈಗೆ ಹೋಯಿತು. ಬಟ್ಟೆಯ ಚೂರನ್ನು ಮಡಿಚಿ ಸೊಂಟದ ಸಂಚಿಯಲ್ಲಿ ಇಟ್ಟುಕೊಂಡಳು.

"ಭಾಳ ಸಣ್ಣ ಹೊಲಿಗಿ ಹಾಕ್ಯಾಳ ಹುಡಿಗಿ" ಎಂದಳು. ಮರಿಯಾಳ ಬಗ್ಗೆ ಅವ್ವ ಆಡಿದ ಮೊದಲ ಮಾತು ಅದು.

ಭಟ್ಟಿ ಬಹಳ ದಿನ ಹೊತ್ತಿಸಲಿಲ್ಲ. ಗೋದಾಮಿಗೆ ಗಾರೆ ಹಾಕಿಸಿದೆ, ನೀರು ನುಗ್ಗದ ಹಾಗೆ ಬಾಗಿಲಿಗೆ ಕಟ್ಟೆ ಕಟ್ಟಿಸಿದೆ, ಗಂಬೂಟು ತಂದಿಟ್ಟೆ. ಹಾಕಿಕೊಳ್ಳಬೇಕಾದವಳು ಹೋದ ಮೇಲೆ ಗಂಬೂಟು ತಂದವನನ್ನು ನೋಡಿ ನನಗೇ ನಾಚಿಕೆಯಾಯಿತು, ಆದರೂ ಈಗ ಅದಿಲ್ಲದೆ ಯಾರನ್ನೂ ಒಳಗೆ ಬಿಡುವುದಿಲ್ಲ. ದೀಪಾವಳಿ ಕಳೆದ ಮೇಲೆ ಅವ್ವನೇ ಅಂದಳು: "ಒಲಿ ಹೊತ್ತಸೋ. ಮೊದಲ ಆ ಹುಡಿಗಿಗೆ ಒಂದಿಷ್ಟು ಚುರುಮುರಿ ಕೊಟ್ಟು ಬಾ."

ಹೊಸ ಲಾಟು. ಮುಷ್ಟಿ ತೆಗೆಯಬೇಕಾದದ್ದು ಈಗ ನಾನು. ಲೀಲಾ ಎಷ್ಟು ಉಪ್ಪು ಹಾಕುತ್ತಿದ್ದಳು ಎಂದು ನಾನು ಯಾವತ್ತೂ ಕೇಳಿರಲಿಲ್ಲ. ಅವಳು ಕೈಯಿಂದ ಚಿಮುಕಿಸುತ್ತಿದ್ದಳು, ನಾನು ನೋಡುತ್ತಿದ್ದೆ ಅಷ್ಟೆ. ಉಪ್ಪಿನ ನೀರು ಹಿಡಿಸದ ಅಕ್ಕಿ ಉಸುಕಿನಲ್ಲಿ ಎಷ್ಟು ಹೊತ್ತು ಹುರಿದರೂ ಅರಳುವುದಿಲ್ಲ, ಗಟ್ಟಿಯಾಗಿ ಕೂರುತ್ತದೆ. ಕೈಯಲ್ಲಿ ಆ ನೀರು ಹಿಡಿದು ನಿಂತಾಗ ಆಸ್ಪತ್ರೆಯ ನಂಬರಿನ ಸಿರಿಂಜು ಕಣ್ಣ ಮುಂದೆ ಬಂತು. ಬರೀ ಉಪ್ಪಿನ ನೀರು ಎಂದು ನಾನು ಅಷ್ಟು ಸಿಟ್ಟು ಮಾಡಿಕೊಂಡಿದ್ದೆ. ಹೊಟ್ಟೆಪಾಡಿಗೆ ನಾನು ಮಾಡಿಕೊಂಡು ಬಂದದ್ದೇ ಉಪ್ಪಿನ ನೀರಿನ ಕೆಲಸ. ಚಿಮುಕಿಸಿದೆ, ಉಸುಕಿಗೆ ಹಾಕಿದೆ. ಅರಳಿತು, ಕೆಲವು ಕಾಳು ಕಂದಿದವು. ಶೆಡ್ಡಿನ ಮುಂದೆ ಯಾರೂ ಇರಲಿಲ್ಲ. ಆ ಮುಷ್ಟಿಯನ್ನು ಬೇರೆ ಕಾಗದದಲ್ಲಿ ಕಟ್ಟಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೆ.

ಮುಂಡಗೋಡದಿಂದ ಬಸ್ಸಿನಲ್ಲಿ ಹುಬ್ಬಳ್ಳಿಯ ಆಸ್ಪತ್ರೆಗೆ ಎರಡು ಚೀಲ ಚುರುಮುರಿ ಒಯ್ದೆ. ಮರಿಯಾ ಹೊರಗೆ ಓಡಿ ಬಂದಳು. ಅವ್ವ ಕಳಿಸಿದ್ದು ಎಂದೆ, ಹೊಲಿಗೆಯ ಮಾತನ್ನೂ ಹೇಳಿದೆ. ಅವಳು ನಗಲು ಹೋಗಿ ಕಣ್ಣೀರು ತಂದುಕೊಂಡಳು. "ನಮ್ಮವ್ವ ಕೌದಿ ಹೊಲಿತಾಳ ಕಾಕಾ. ಸಣ್ಣ ಹೊಲಿಗಿ ಹಾಕದಿದ್ದರ ಬಡೀತಿದ್ಲು" ಎಂದಳು.

ಡಾಕ್ಟರು ಕೋಣೆಗೆ ಕರೆದು ಕೂರಿಸಿದರು. ಟ್ರಯಲ್ ಇನ್ನೂ ನಡೆಯುತ್ತಿದೆಯಂತೆ. ಎಲ್ಲ ಮುಗಿದ ಮೇಲೆ ಯಾರಿಗೆ ಯಾವುದು ಸಿಕ್ಕಿತ್ತೆಂದು ತೆರೆದು ನೋಡುತ್ತಾರಂತೆ.

"ಆವಾಗ ನಿಮಗ ಹೇಳಲೇನ್ರಿ? ಕೆಲವರು ಬೇಕಂತಾರ, ಕೆಲವರು ಬ್ಯಾಡಂತಾರ."

ಇದನ್ನು ನಾನು ಬಸ್ಸಿನಲ್ಲಿ ಬರುವಾಗಲೂ ಯೋಚಿಸಿದ್ದೆ. ಔಷಧ ಸಿಕ್ಕಿತ್ತು ಎಂದರೆ, ಸಿಕ್ಕಿಯೂ ಹೋದಳು ಎಂದು ಉರಿಯುತ್ತದೆ. ಸಿಕ್ಕಿರಲಿಲ್ಲ ಎಂದರೆ, ಸಿಕ್ಕಿದ್ದರೆ ಉಳಿಯುತ್ತಿದ್ದಳೋ ಏನೋ ಎಂದು ಇನ್ನೂ ಉರಿಯುತ್ತದೆ.

"ಆಕಿಗೆ ಯಾವುದು ಸಿಕ್ಕಿತ್ತು ಅನ್ನೂದು ಬ್ಯಾಡ್ರಿ" ಎಂದೆ. "ಔಷಧ ಕೆಲಸ ಮಾಡತೈತೋ ಇಲ್ಲೋ, ಅದು ಗೊತ್ತಾದರ ಅದೊಂದನ್ನ ಹೇಳ್ರಿ. ಮಾಡೂದಿಲ್ಲ ಅಂತ ಗೊತ್ತಾದರೂ ಹೇಳ್ರಿ."

ಅವರು ಹೇಳುತ್ತೇನೆ ಎಂದರು. ಬೇಗ ಆಗುವುದಿಲ್ಲ, ವರ್ಷಗಳೇ ಹಿಡಿಯಬಹುದು ಎಂದೂ ಹೇಳಿದರು. ಅವ್ವ ಅಲ್ಲಿಯವರೆಗೆ ಇರುತ್ತಾಳೋ ಇಲ್ಲವೋ.

ಹೊರಗೆ ಬಂದರೆ ಮೆಟ್ಟಿಲ ಮೇಲೆ, ನಾನು ಕುಳಿತಿದ್ದ ಜಾಗದಲ್ಲೇ, ಗೀತಾಳ ವಯಸ್ಸಿನ ಹೆಂಗಸೊಬ್ಬಳು ಕುಳಿತಿದ್ದಳು. ತೊಡೆಯ ಮೇಲೆ ನಾನು ಸಹಿ ಮಾಡಿದ್ದಂಥದೇ ಟ್ರಯಲಿನ ಕಾಗದ. ನೋಡಿದ ಕೂಡಲೇ ಗುರುತು ಸಿಕ್ಕಿತು. ಜೋಯಿಡಾದವಳಂತೆ, ಗಂಡ ಒಳಗಿದ್ದಾನಂತೆ. ಮನೆಯಲ್ಲಿ ಕೊಂಕಣಿ, ನನ್ನ ಜತೆ ಕನ್ನಡವನ್ನು ಹುಡುಕಿ ಹುಡುಕಿ ಆಡಿದಳು. ಮರಿಯಾ ನನ್ನ ಜತೆ ಮಾತಾಡಿದ್ದನ್ನು ಅವಳು ನೋಡಿದ್ದಳು.

"ನಿಮ್ಮ ಪೇಷಂಟೂ ಇದರಲ್ಲಿ ಇದ್ರಾ?" ಎಂದು ಕಾಗದ ತೋರಿಸಿದಳು.

"ಇದ್ಲು. ನನ್ನ ಹೆಂಡ್ತಿ."

"ನೀವು ಸಹಿ ಮಾಡಿದ್ರಾ?"

"ಮಾಡಿದ್ನೆವ್ವಾ."

"ಅವರು ಉಳಿದ್ರಾ?"

ಸುಳ್ಳು ಹೇಳಬಹುದಿತ್ತು. ಹೇಳಬೇಕೆಂದೂ ಅನಿಸಿತು. ಆ ಡಾಕ್ಟರು ನನಗೆ ಒಂದೂ ಸುಳ್ಳು ಹೇಳಿರಲಿಲ್ಲ.

"ಉಳೀಲಿಲ್ಲ."

ಅವಳು ಕಾಗದವನ್ನು ಮಡಿಚಿದಳು. ಮತ್ತೆ ಬಿಚ್ಚಿದಳು. "ಹಾಗಾದರೆ ಯಾಕೆ ಮಾಡ್ಬೇಕು?" ಎಂದು ಕೇಳಿದಳು. ಜಗಳದ ದನಿಯಲ್ಲ, ನಿಜಕ್ಕೂ ತಿಳಿಯಬೇಕಾಗಿತ್ತು ಅವಳಿಗೆ.

ನನಗೆ ಮಾಡು ಎನ್ನುವ ಅಧಿಕಾರವೂ ಇರಲಿಲ್ಲ, ಬೇಡ ಎನ್ನುವ ಮನಸ್ಸೂ ಇರಲಿಲ್ಲ. "ಊಟ ಮಾಡೀಯೇನವ್ವಾ?" ಎಂದೆ. ಅವಳು ಇಲ್ಲವೆಂದು ತಲೆಯಾಡಿಸಿದಳು. ನಿನ್ನೆಯಿಂದ ಇಲ್ಲವಂತೆ. ಜೇಬಿನಿಂದ ಮೊದಲ ಮುಷ್ಟಿಯ ಪೊಟ್ಟಣ ತೆಗೆದು ಬಿಚ್ಚಿ ಅವಳ ಸೆರಗಿಗೆ ಸುರಿದೆ. ಕಂದಿದ ಕಾಳುಗಳೂ ಅದರಲ್ಲಿದ್ದವು.

"ಒಳಗ ಸಿಸ್ಟರಿಗೆ ಎರಡು ಚೀಲ ಕೊಟ್ಟು ಬಂದೇನಿ, ಅದರಾಗಿಂದ ತಂದು ಕೊಡಬಹುದಿತ್ತು. ಆದರ ಇದು ನಿಂದು" ಎಂದೆ. "ನನ್ನ ಹೆಂಡ್ತಿ ಇದನ್ನ ಮಾರತಿರಲಿಲ್ಲ."

ಅವಳಿಗೆ ಏನು ತಿಳಿಯಿತೋ. ಸಹಿಯ ಕಾಗದವನ್ನು ಪಕ್ಕಕ್ಕಿಟ್ಟು, ಹಾರದಿರಲೆಂದು ಅದರ ಮೇಲೆ ಚಪ್ಪಲಿ ಇಟ್ಟು, ತಿನ್ನತೊಡಗಿದಳು. ಮೊದಲು ಒಂದೊಂದೇ ಕಾಳು, ಆಮೇಲೆ ಹಸಿದವರು ತಿನ್ನುವ ಹಾಗೆ. ಸಹಿ ಮಾಡಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ಮುಂಡಗೋಡದ ಬಸ್ಸಿಗೆ ಹೊತ್ತಾಗಿತ್ತು. ಅವಳು ಪೂರ್ತಿ ತಿಂದು ಕೈ ಕೊಡವುವವರೆಗೆ ನಿಂತಿದ್ದು, ಆಮೇಲೆ ಹೊರಟೆ.